ಟ್ರ್ಯಾಕ್ಟರಿನ ಹಿಂದಿನ ಪುಲ್ಲಿ

ಮೊನ್ನೆ ಬಿ.ಸಿ.ರೋಡಿನ ಗ್ಯಾರೇಜೊಂದರ ಎದುರು ಬಸ್ಸಿಗೆ ಕಾಯುತ್ತಿದ್ದಾಗ ಚಿಮಿಣಿ ಎಣ್ಣೆಯ ವಾಸನೆ ಬಂತು.

ಅಪ್ಪನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಇದೇ ವಾಸನೆಯಿತ್ತು. ಆಗ ಊರಿಗೆ ಕರೆಂಟು ಬಂದಿರಲಿಲ್ಲ. ಹಳೆಯ ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿಗೆ ಪುಲ್ಲಿ ಹಾಕಿ, ಬೆಲ್ಟು ಕಟ್ಟಿ, ಅಂಗಳದ ಬದಿಯ ಬಾವಿಯಿಂದ ಗದ್ದೆಗೆ ನೀರೆತ್ತುವ ಪಂಪು ತಿರುಗಿಸುತ್ತಿದ್ದೆವು. ಹೆಗಲ ಮೇಲಿದ್ದ ಬೈರಾಸು, ಮೈ ಒರೆಸುವ ವಸ್ತ್ರ, ಆ ಶಾಫ್ಟಿಗೆ ಸುತ್ತಿಕೊಂಡು ಅಪ್ಪ ತೀರಿಕೊಂಡರು. ಅಂದಿನಿಂದ ಪುಲ್ಲಿ ಬಿಗಿದು ಕೂತಿತ್ತು. ಗದ್ದೆಯಲ್ಲಿ ಭತ್ತದ ನೇಜಿ ಒಣಗುತ್ತಿತ್ತು.

ಮಡಂತ್ಯಾರಿನಿಂದ ಬಂದ ಮೆಕ್ಯಾನಿಕ್ ಬ್ಯಾರಿ ಪುಲ್ಲಿಯ ಸಂದಿಗೆ ಚಿಮಿಣಿ ಎಣ್ಣೆ ಬಿಟ್ಟು, ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ಬಡಿಯುತ್ತಿದ್ದರು.

"ಬೆಳಿಗ್ಗೆಯಿಂದ ಕುಡಿಸ್ತಾ ಇದ್ದೀರಿ ಬ್ಯಾರಿಗಳೇ, ಅದಕ್ಕಿನ್ನೂ ಅಮಲು ಏರಲಿಲ್ಲವಾ?" ಎಂದರು ಸೋದರಮಾವ. ಯಾರೂ ನಗಲಿಲ್ಲ.

"ಅವಸರ ಮಾಡಿದರೆ ಒಡೆಯುತ್ತದೆ ಮಾರಾಯ್ರೆ. ಇನ್ನು ಸ್ವಲ್ಪ ಕುಡಿಯಲಿ."

ಕೊನೆಗೆ ಪುಲ್ಲಿ ಜಾರಿ ಬಂತು. ಅದರ ಹಿಂದೆ ಗ್ರೀಸು ಮೆತ್ತಿದ, ಕೆಂಪು ಅಂಚಿನ ಬೈರಾಸಿನ ತುಂಡು ಸುತ್ತಿಕೊಂಡಿತ್ತು. ಬ್ಯಾರಿ ಅದನ್ನು ಬಿಡಿಸಿದರು. ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು.

"ಇತ್ತ ಕೊಡಿ. ಒಗೆಯುವ ಬಟ್ಟೆ ಉಂಟು, ಅದರೊಟ್ಟಿಗೆ ಹಾಕ್ತೇನೆ," ಎಂದಳು ಅಮ್ಮ.

ಸೋಪು ಹಚ್ಚಿ ಒಗೆದು, ಅಪ್ಪನ ಬೈರಾಸು ಯಾವಾಗಲೂ ಒಣಗುತ್ತಿದ್ದ ಹಗ್ಗದ ತುದಿಯಲ್ಲೇ ಅದನ್ನು ಹರವಿದಳು. ಅಷ್ಟರಲ್ಲಿ ಬ್ಯಾರಿ ಶಾಫ್ಟು ಒರೆಸಿ ಪುಲ್ಲಿ ಕೂರಿಸಿದ್ದರು. ಮಾವ ಟ್ರ್ಯಾಕ್ಟರ್ ಶುರು ಮಾಡಿದರು. ಗದ್ದೆಗೆ ನೀರು ಹೋಯಿತು.

ಸಂಜೆ ಬಟ್ಟೆ ತೆಗೆದು ಮಡಚುವುದು ನನ್ನ ಕೆಲಸವಾಗಿತ್ತು. ಆ ತುಂಡಿನಿಂದ ಚಿಮಿಣಿ ಎಣ್ಣೆಯ ವಾಸನೆ ಹೋಗಿರಲಿಲ್ಲ. ಅಂಚಿಗೆ ಅಂಚು ಸೇರಿಸಿ ಅದನ್ನೂ ಮಡಚಿ, ಅಪ್ಪನ ಬಟ್ಟೆಗಳ ಮೇಲೆ ಇಟ್ಟೆ.