ಬ್ಯಾಟರಿಯ ತೂಕ

ಗಾಜಿನ ಮೇಜಿನ ನಡುವೆ ಹಿತ್ತಾಳೆಯ ಪುಟ್ಟ ತಕ್ಕಡಿಯೊಂದು ನಿಂತಿತ್ತು. ತಟ್ಟೆಗಳೆರಡೂ ಬರಿದು. ಒಂದರ ಅಂಚಿನಲ್ಲಿ ಮಧ್ಯಾಹ್ನದ ಬಿಸಿಲು ಉಗುರಿನಷ್ಟೇ ಅಗಲವಾಗಿ ಕುಳಿತಿತ್ತು, ಇನ್ನೊಂದು ನೆರಳಿನಲ್ಲಿತ್ತು. ತಕ್ಕಡಿಯ ಎಡಕ್ಕೊಂದು, ಆಟದ ಕಾರಿಗೆ ಹಾಕುವ ಲಿಪೋ ಬ್ಯಾಟರಿ, ಬಲಕ್ಕೊಂದು. ಎರಡೂ ಅಂಗೈಯುದ್ದದವು, ಎರಡಕ್ಕೂ ಕೆಂಪು, ಕಪ್ಪು ತಂತಿಗಳ ಬಾಲ. ಎಡಗಡೆಯದರ ಮೈಮೇಲೆ, ಅದು ಹಿಡಿಯುವ ಕರೆಂಟಿನ ಅಳತೆಯಾಗಿ, ಹೊನ್ನಿನ ಬಣ್ಣದಲ್ಲಿ 5000 ಎಂದು ದಪ್ಪಗೆ ಅಚ್ಚಾಗಿತ್ತು. ಬಲಗಡೆಯದು ಸಾದಾ ನೀಲಿ; ಅದರ ಮೂಲೆಯಲ್ಲಿ 3200 ಎಂಬ ಅಂಕಿ ನಾಚಿಕೊಂಡಂತೆ ಸಣ್ಣಗಿತ್ತು.

ಸೃಷ್ಟಿಯ ಕಣ್ಣು ಎರಡರ ನಡುವೆ ಹೋಗಿಬರುತ್ತಿತ್ತು. ಮರುದಿನ ಪಾಲಿಟೆಕ್ನಿಕ್ಕಿನ ಮೈದಾನದಲ್ಲಿ ರಿಮೋಟ್ ಕಾರುಗಳ ಪಂದ್ಯ. ಕಳೆದ ವರ್ಷ, 2007ರಲ್ಲಿ, ಅವಳು ಓಡಿಸಿದ ಕಾರು ಗೆಲ್ಲುವ ಗೆರೆಗೆ ಹತ್ತು ಮಾರು ಇರುವಾಗ ನಿಂತುಬಿಟ್ಟಿತ್ತು. ಹೆಬ್ಬೆರಳಿಗೆ ಹದ ಗೊತ್ತಿಲ್ಲ, ಬ್ಯಾಟರಿ ಸುಮ್ಮನೆ ಖಾಲಿ ಮಾಡಿದಳು ಎಂದು ತಂಡದ ರೋಹಿತ ಎಲ್ಲರೆದುರು ಹೇಳಿದ್ದ. ಕಾರು ಕಟ್ಟಿದವಳು ಅವಳೇ ಆದರೂ ಈ ಸಲ ರಿಮೋಟು ಅವನ ಕೈಗೆ ಎಂದು ತೀರ್ಮಾನವಾಗಿತ್ತು. ಬ್ಯಾಟರಿ ತರುವುದಷ್ಟೇ ಇವಳ ಪಾಲಿನ ಕೆಲಸ. ‘ಐದು ಸಾವಿರದ್ದೇ ಬೇಕು’ ಎಂಬ ರೋಹಿತನ ಚೀಟಿ ಅವಳ ಮುಷ್ಟಿಯಲ್ಲಿ ಬೆವರಿತ್ತು.

“ಕಾಕಾ, ಎರಡಕ್ಕೂ ರೇಟ್ ಒಂದ ಅಂತೀರಿ. ಹಂಗಾದ್ರ ಮೂರು ಸಾವಿರದ್ದು ಯಾರು ತಗೋತಾರ?”

“ಯಾರೂ ತಗೊಳ್ಳಾಂಗಿಲ್ಲ ತಂಗಿ. ಅದಕ್ಕ ಇನ್ನೂ ಇಲ್ಲೇ ಐತಿ,” ಎಂದ ಅಂಗಡಿಯ ಗುಲಾಬಸಾಬ. ಒಂದು ಕಾಲಕ್ಕೆ ಹುಬ್ಬಳ್ಳಿಯ ಅರ್ಧ ಊರಿನ ರೇಡಿಯೋಗಳು ಅವನ ಕೈಯಲ್ಲಿ ಮರುಹುಟ್ಟು ಪಡೆದಿದ್ದವು. ಅವನು ಬಾಗಿಲ ಕಡೆ ನೋಡಿದ. ಹೊಸ್ತಿಲಾಚೆ ಸೃಷ್ಟಿಯ ತಂದೆ ಬೀರಲಿಂಗ ಬಾಗಿಲು ತೆರೆದು ಹಿಡಿದು ನಿಂತಿದ್ದ. ಇಪ್ಪತ್ತೆರಡು ವರ್ಷಗಳಿಂದ ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ತೂಗುವವನು. “ಯಜಮಾನ್ರ, ಒಳಗ ಬರ್ರಿ. ಬಾಗಲದಾಗ ಯಾಕ ನಿಂತೀರಿ?”

“ಬ್ಯಾಡ್ರೀ ಸಾಹೇಬ್ರ. ಅಂಗಿ ತುಂಬ ಖಾರ ಐತಿ. ನಿಮಗ ಸೀನು ಬರ್ತಾವ.”

“ಬರ್ಲಿ ಬಿಡ್ರಿ. ಮುಂಜಾನಿಂದ ಗಿರಾಕಿ ಅಂತೂ ಬಂದಿಲ್ಲ, ಸೀನರ ಬರ್ಲಿ. ಬಂದು ಇವನ್ನ ತೂಗಿ ನೋಡ್ರಿ. ಹೊಸ ಮಾಲು ಬಂದ್ರ ನಾ ಮೊದಲ ತೂಗತೇನಿ.”

ಬೀರಲಿಂಗ ಒಳಗೆ ಬಂದ, ಆದರೆ ತಕ್ಕಡಿಯನ್ನು ಮುಟ್ಟಲಿಲ್ಲ. ಎರಡು ಅಂಗೈಗಳಲ್ಲಿ ಎರಡು ಬ್ಯಾಟರಿಗಳನ್ನಿಟ್ಟುಕೊಂಡು ಕ್ಷಣಕಾಲ ಕಣ್ಣು ಮುಚ್ಚಿದ. “ನೀಲೀದು ಐವತ್ತು ಗ್ರಾಂ ಹೆಚ್ಚು.” ಗುಲಾಬಸಾಬ ಅವುಗಳನ್ನು ತಟ್ಟೆಗಿಳಿಸಿದ. ನೀಲಿಯದು ಕೆಳಗೆ ಕುಳಿತಿತು, ಹೊನ್ನಿನದು ಮೇಲೆದ್ದಿತು. ಹೊನ್ನಿನದರ ಪಕ್ಕದಲ್ಲಿ ಐವತ್ತು ಗ್ರಾಮಿನ ತೂಕದ ಕಲ್ಲು ಇಟ್ಟಾಗ ತಕ್ಕಡಿ ಸಮನಾಯಿತು.

ಆದರೆ ಬೀರಲಿಂಗನ ಮುಖ ಅರಳಲಿಲ್ಲ. ಅವನು ಮಗಳ ಕಿವಿಯ ಬಳಿ ಬಾಗಿದ. “ನೀಲೀದು ಬ್ಯಾಡ ಯವ್ವಾ. ನೀರು ಹೊಡದಾರ.”

ಮಾರುಕಟ್ಟೆಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ತೂಗುವ ಚೀಲವೆಂದರೆ ನೀರು ಚಿಮುಕಿಸಿದ ಚೀಲ; ಅಂಥ ಎಷ್ಟೋ ಮೋಸಗಳನ್ನು ಆ ಕೈ ಹಿಡಿದಿತ್ತು. ಪಿಸುಮಾತು ಕೇಳಿಸಿದ ಗುಲಾಬಸಾಬ ನಗಲು ಹೋದ. ನಗು ಅರ್ಧಕ್ಕೇ ಮೂರು ಸೀನುಗಳಾಯಿತು.

“ಯಜಮಾನ್ರ, ಇದು ಮೆಣಸಿನಕಾಯಿ ಅಲ್ರಿ! ಇದಕ್ಕ ನೀರು ಕುಡಿಸಾಕ ಬರೂದಿಲ್ಲ. ಕರೆಂಟ್ ಹಿಡಿಯೂ ಮಾಲು ಒಳಗ ಎಷ್ಟು ತುಂಬಿರ್ತಾರೋ ಅಷ್ಟ ತೂಕ. ನಂಬರ್ ಏನು, ಯಾರು ಬೇಕಾದ್ರೂ ಅಚ್ಚು ಹಾಕಸ್ತಾರ. ಖರೇ ಐದು ಸಾವಿರ ಇದ್ದಿದ್ರ ಈ ಬಂಗಾರದ್ದು ನೀಲೀದರಕಿಂತ ಭಾರ ಇರಬೇಕಿತ್ತು.”

“ಅಂದ್ರ ಇದು ಜೊಳ್ಳು?” ಎಂದ ಬೀರಲಿಂಗ.

“ಪಕ್ಕಾ ಜೊಳ್ಳು.”

“ಮತ್ಯಾಕ ಮಾರಾಕ ಇಟ್ಟೀರಿ?”

“ನಂಬರ್ ಕೇಳಾವ್ರಿಗೆ ನಂಬರ್ ಕೊಡತೇನಿ. ಬ್ಯಾಟರಿ ಕೇಳಾವ್ರಿಗೆ ತಕ್ಕಡಿ ಮುಂದಿಡತೇನಿ.”

ಸೃಷ್ಟಿ ಚೀಲದೊಳಗಿಂದ ಕಳೆದ ವರ್ಷದ ಬ್ಯಾಟರಿಯನ್ನು ಹೊರತೆಗೆದಳು. ಅದರ ಹೊಟ್ಟೆ ಉಬ್ಬಿತ್ತು. ಮೇಲೆ 4500 ಎಂದು ಕೆಂಪಕ್ಷರದಲ್ಲಿತ್ತು. ನೀಲಿಯದನ್ನೂ ತೂಕದ ಕಲ್ಲನ್ನೂ ತೆಗೆದು, ಹೊನ್ನಿನದರ ಎದುರಿಗೆ ಅದನ್ನು ಮೆಲ್ಲನೆ ಇಟ್ಟಳು. ಜೊಳ್ಳಿನ ಎದುರಿಗೂ ಅದು ಮೇಲಕ್ಕೇ ಹೋಯಿತು.

“ಯಾರು ತಂದಿದ್ರು ತಂಗಿ ಇದನ್ನ? ಉಬ್ಬೇತಿ ನೋಡು. ಮತ್ತ ಚಾರ್ಜಿಗೆ ಹಚ್ಚೀಯ, ಬೆಂಕಿ ಹತ್ತೀತು.”

“ರೋಹಿತ,” ಎಂದಳು ಸೃಷ್ಟಿ. ಮೇಲೆದ್ದ ತಟ್ಟೆಯನ್ನೇ ನೋಡುತ್ತಿದ್ದಳು. ಒಂದು ವರ್ಷ ಅವಳು ಬಚ್ಚಲಲ್ಲಿ, ಬಸ್ಸಿನಲ್ಲಿ, ಪಾಠದ ನಡುವೆ ತನ್ನ ಹೆಬ್ಬೆರಳನ್ನು ಮಡಚಿ ಬಿಚ್ಚಿ ನೋಡಿಕೊಂಡಿದ್ದಳು, ತಪ್ಪು ಅದರ ಯಾವ ಗೆಣ್ಣಿನಲ್ಲಿದೆಯೆಂದು. ಆ ತಪ್ಪು ಇಲ್ಲಿತ್ತು, ಗಾಳಿಯಷ್ಟು ಹಗುರಾಗಿ, ತೂಗುವವರಿಗಾಗಿ ಕಾಯುತ್ತ.

“ನೀಲೀದ ಕೊಡ್ರಿ ಕಾಕಾ. ಹಳೇದು ನಿಮ್ಮಲ್ಲೇ ಇರ್ಲಿ.” ಮುಷ್ಟಿಯ ಚೀಟಿಯನ್ನು ಅವಳು ಆ ಉಬ್ಬಿದ ಬ್ಯಾಟರಿಯ ಪಕ್ಕದಲ್ಲೇ ಬಿಟ್ಟಳು.

ಗುಲಾಬಸಾಬ ನೀಲಿ ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. “ನಾಳಿ ಕಾರು ಓಡಸೋರು ಯಾರು? ಆ ರೋಹಿತನ ಏನು?”

“ನಾನ ರೀ.”

ಆ ಮಾತಿಗೆ ಬೀರಲಿಂಗ ಮಗಳತ್ತ ತಿರುಗಿದ. ಆಮೇಲೆ ಬಾಗಿಲು ದೂಡಿ ಬೀದಿಗಿಳಿದು, ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡ. “ನಾನೂ ಬರ್ಲೇನು ಯವ್ವಾ, ನೋಡಾಕ? ಅಂಗಿ ಬದಲಿ ಮಾಡ್ಕೊಂಡ ಬರ್ತೇನಿ.”

“ಬದಲಿ ಮಾಡಬ್ಯಾಡ ಅಪ್ಪಾ, ಇದರಾಗ ಬಾ. ರೋಹಿತಗೂ ನಾಕು ಸೀನು ಬರ್ಲಿ,” ಎನ್ನುತ್ತ ಸೃಷ್ಟಿ ಹೊಸ್ತಿಲು ದಾಟಿದಳು. ಸ್ಪ್ರಿಂಗಿನ ಬಾಗಿಲು ಅವಳ ಬೆನ್ನ ಹಿಂದೆ ಮುಚ್ಚಿಕೊಂಡಿತು.