ಕಾಂಚನ ಹೇಳುತ್ತಾರೆ

ಮತ್ತೆ ಅದೇ ಹೆಸರು. ಟೈಪು ಮಾಡುತ್ತಿದ್ದ ಸಪನಾಳ ಬೆರಳುಗಳು ನಿಂತುಬಿಟ್ಟವು.

ಗಂಡ ಸುರಜ ಚಿಕ್ಕೋಡಿಯಲ್ಲಿ ಕಾಲೇಜು ಮೇಷ್ಟ್ರು. ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಹೆಂಗಸರು ದುಡಿಯುತ್ತ ಹಾಡುವ ಹಾಡುಗಳ ಬಗ್ಗೆ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದ. ಅವನು ಬರೆದುಕೊಟ್ಟದ್ದನ್ನು ಟೈಪು ಮಾಡುವುದು ಸಪನಾಳ ಕೆಲಸ. ಪುಟಪುಟಕ್ಕೂ ಆ ಕಾಂಚನಳೇ. ‘ಕಾಂಚನ ಹೇಳುತ್ತಾರೆ.’ ‘ಕಾಂಚನ ಇದನ್ನು ಒಪ್ಪುವುದಿಲ್ಲ.’ ‘ಇಲ್ಲಿ ಕಾಂಚನ ನಮ್ಮ ಗಮನ ಸೆಳೆಯುತ್ತಾರೆ.’

ಸಪನಾಳ ಹೊಟ್ಟೆ ಉರಿಯುತ್ತಿತ್ತು. ಹೆಂಡತಿಯ ಮಾತನ್ನು ಅವನು ಒಂದು ಸಲವಾದರೂ ಇಷ್ಟು ಮನಸ್ಸಿಟ್ಟು ಕೇಳಿದ್ದನೇ?

ಭಾನುವಾರ ಬಂತೆಂದರೆ ಸುರಜ ಭೋಜ ಎಂಬ ಹಳ್ಳಿಗೆ ಹೊರಡುತ್ತಿದ್ದ. ಕಾಂಚನ ಅವರ ಮನೆಗೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಸಂಜೆ ಮುಖ ಅರಳಿಸಿಕೊಂಡು ಬರುತ್ತಿದ್ದ. ಯಾರವಳು ಎಂದು ಒಮ್ಮೆ ಕೇಳಿಯೇಬಿಟ್ಟಳು.

“ಅವ್ರಿಲ್ಲಂದ್ರ ನನ್ನ ಪ್ರಬಂಧನ ಇಲ್ಲ,” ಎಂದ ಸುರಜ.

ಅವಳು ಎದ್ದು ಮತ್ತೆ ಟೈಪಿಗೆ ಕೂತಳು.

ಪ್ರಬಂಧ ಮುದ್ರಣಕ್ಕೆ ಹೋಗುವ ದಿನ ಅವನು ಕಾಲೇಜಿನಲ್ಲಿದ್ದ. ಸಪನಾ ಕಂಪ್ಯೂಟರಿನಲ್ಲಿ ಆ ಹೆಸರನ್ನು ಹುಡುಕಿ ಹುಡುಕಿ ಅಳಿಸಿದಳು. ಅಡಿಟಿಪ್ಪಣಿಗಳನ್ನೂ ಬಿಡಲಿಲ್ಲ. ಮಾತುಗಳೆಲ್ಲ ಉಳಿದವು, ಆಡಿದವಳು ಹೋದಳು. ಹೆಂಡತಿಯ ಕೆಲಸದ ಮೇಲೆ ನಂಬಿಕೆಯಿದ್ದ ಸುರಜ ತಿರುವಿಯೂ ನೋಡದೆ ಸಹಿ ಹಾಕಿ, ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಬಂದ.

ಮುಂದಿನ ಭಾನುವಾರ ಒಂದು ಪ್ರತಿ ಹಿಡಿದು ಭೋಜಕ್ಕೆ ಹೊರಟ. ತಾನೂ ಬರುತ್ತೇನೆಂದು ಸಪನಾ ಹಟ ಮಾಡಿದಳು. ಹೆಸರು ಕಾಣದಾಗ ಆ ಹೆಂಗಸಿನ ಮುಖ ಹೇಗಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕಿತ್ತು.

ಬಾಗಿಲು ತೆರೆದವಳು ಕಾಂಚನಳ ತಾಯಿ, ಮುದುಕಿ ಅಕ್ಕುತಾಯಿ. ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟಳು. ಸಪನಾಳ ಕಣ್ಣು ಒಳಗಿನ ಕೋಣೆಯ ಮೇಲೆಯೇ ಇತ್ತು. ಅಲ್ಲಿಂದ ಯಾರೂ ಬರಲಿಲ್ಲ.

ಅಕ್ಕುತಾಯಿ ಕನ್ನಡಕ ಹಾಕಿಕೊಂಡು ಪುಟ ತಿರುವಿದಳು. ಹಾಡುಗಳ ಗುರುತು ಹತ್ತಿತು. ವಖಾರದಿಂದ ವಖಾರಕ್ಕೆ ಅಲೆದು ಕಾಂಚನ ಕೂಡಿಸಿ, ತನ್ನ ಟಿಪ್ಪಣಿಯೊಂದಿಗೆ ವಹಿಗಳಲ್ಲಿ ಬರೆದಿಟ್ಟಿದ್ದವು; ಭಾನುವಾರಗಳಂದು ಸುರಜ ಇಲ್ಲಿ ಓದುತ್ತಿದ್ದುದು ಆ ವಹಿಗಳನ್ನೇ. ಮುದುಕಿಯ ಬೆರಳು ಸಾಲು ಸಾಲಿನ ಕೆಳಗೆ ಏನನ್ನೋ ಹುಡುಕಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಸುರಜ ಪುಸ್ತಕ ಇಸಿದುಕೊಂಡು ನೋಡಿದ. ಕಾಂಚನಳ ಹೆಸರು ಎಲ್ಲೂ ಇರಲಿಲ್ಲ. ನಿಧಾನವಾಗಿ ಹೆಂಡತಿಯತ್ತ ತಿರುಗಿದ. ಸಪನಾ ತಲೆ ತಗ್ಗಿಸಲಿಲ್ಲ.

“ಮಗಳು ಸತ್ತು ಇಪ್ಪತ್ತು ವರ್ಷ ಆತು, ತಮ್ಮಾ,” ಎಂದಳು ಅಕ್ಕುತಾಯಿ. “ನಿನ್ನ ಪುಸ್ತಕದಾಗರ ಉಳಿತಾಳ ಅಂತ ತಿಳಿದಿದ್ದೆ.”