ಚಕ್ರ ಕಳಚಿದವನು

ನಸುಕಿನ ನಾಲ್ಕು ಗಂಟೆ... ಹಾಸ್ಟೆಲ್ ಕೋಣೆಯ ಬಾಗಿಲಿನ ಮೇಲೆ ಮೂರು ಬಾರಿ ಬಡಿದ ಸದ್ದು.

ಸಮ್ಮೇದ ಚೌಗುಲೆ ಎದ್ದು ಬಾಗಿಲು ತೆರೆದ. ಯಾರೂ ಇರಲಿಲ್ಲ.

ಆದರೆ ವರಾಂಡದ ಉದ್ದಕ್ಕೂ ತಂಡದ ಹತ್ತು ಜೊತೆ ಸ್ಕೇಟಿಂಗ್ ಬೂಟುಗಳು ಸಾಲಾಗಿ ನಿಂತಿದ್ದವು... ಒಂದರಲ್ಲೂ ಚಕ್ರವಿರಲಿಲ್ಲ. ಚಕ್ರಗಳ ಜಾಗದಲ್ಲಿ, ಆಗಷ್ಟೇ ಸಾಣೆ ಹಿಡಿದ ಉಕ್ಕಿನ ಬ್ಲೇಡುಗಳು.

ಸಮ್ಮೇದ ಬೆಳಗಾವಿಯ ಒಂದು ಕಾಲೇಜಿನ ಐಸ್ ಹಾಕಿ ತಂಡದ ಕ್ಯಾಪ್ಟನ್. ಬೆಳಗಾವಿಯಲ್ಲಿ ಐಸ್ ಎಲ್ಲಿಂದ ಬರಬೇಕು?

ವರ್ಷವಿಡೀ ಸಿಮೆಂಟಿನ ನೆಲದ ಮೇಲೆ ಚಕ್ರದ ಬೂಟಿನಲ್ಲಿ ಅಭ್ಯಾಸ. ಚಳಿಗಾಲದಲ್ಲೊಮ್ಮೆ ಹಿಮಾಚಲದ ರೈಲು ಹತ್ತಿ, ಬೂಟಿಗೆ ಬ್ಲೇಡ್ ಹಾಕಿಕೊಂಡು ಆಡಿ, ಸೋತು ಬರುವುದು...

ಹೋದ ವರ್ಷ ಸೋತದ್ದು ಹದಿನಾಲ್ಕು–ಸೊನ್ನೆಯಿಂದ.

ಅಂದಿನ ಗೋಲ್‌ಕೀಪರನನ್ನು ಸಮ್ಮೇದ ಎಲ್ಲರೆದುರೇ ತಂಡದಿಂದ ಹೊರಹಾಕಿದ್ದ. ಮರುದಿನದಿಂದ ಕಾಲೇಜಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವನು 'ಹದಿನಾಲ್ಕು'.

"ಏ ಹದಿನಾಲ್ಕ, ಚಹಾದ ಕಪ್ಪಾದ್ರೂ ಹಿಡಿತಿಯೋ, ಅದನ್ನೂ ಬಿಡ್ತಿಯೋ?" ಎಂದು ಕ್ಯಾಂಟೀನಿನಲ್ಲಿ ನಗೆ. ಕ್ರಮೇಣ ಅವನು ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟ.

ಈ ವರ್ಷ ಗೋಲಿನ ಮುಂದೆ ನಿಲ್ಲಲು ಒಬ್ಬನೂ ಒಪ್ಪಿರಲಿಲ್ಲ. ಪ್ರಿನ್ಸಿಪಾಲರೂ ಕಡೆಯ ಮಾತು ಹೇಳಿಯಾಗಿತ್ತು... ಒಂದು ಪಂದ್ಯವನ್ನಾದರೂ ಸೋಲದೆ ಬನ್ನಿ, ಇಲ್ಲವಾದರೆ ತಂಡವನ್ನೇ ಮುಚ್ಚುತ್ತೇನೆ.

ರೈಲು ಹತ್ತಲು ಉಳಿದದ್ದು ಇಪ್ಪತ್ತೇ ದಿನ. ಈಗ ಚಕ್ರಗಳೂ ಇಲ್ಲ... ಸಿಮೆಂಟಿನ ಮೇಲೆ ಬ್ಲೇಡ್ ಓಡುವುದಿಲ್ಲ.

"ಹದಿನಾಲ್ಕನ ಕೆಲಸ ಇರಬೇಕೇನಲೇ?" ಎಂದ ಪಕ್ಕದ ಕೋಣೆಯಿಂದ ಕಣ್ಣುಜ್ಜುತ್ತ ಬಂದ ಭರಮಾ.

"ಅವಗ ಅಷ್ಟ ಧೈರ್ಯ ಎಲ್ಲೈತಿ?" ಎಂದ ಸಮ್ಮೇದ. ಅವನ ಅನುಮಾನವೆಲ್ಲ ಹೊಸ ಕೋಚ್ ಮೇಲೆ.

ಅಂಬುಜಾ ಕಿತ್ತೂರ ಕೋಚ್ ಆಗಿ ಬಂದು ಮೂರು ದಿನವಾಗಿತ್ತು. ಸೇನೆಯಲ್ಲಿ ನರ್ಸ್ ಆಗಿ ಲೇಹ್‌ನಲ್ಲಿದ್ದಾಗ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹಾಕಿ ಆಡಿ ಬಂದವರು. ಮೂರು ದಿನವೂ ಸುಮ್ಮನೆ ಕುಳಿತು ಆಟ ನೋಡಿ, ಒಂದೇ ಪ್ರಶ್ನೆ ಕೇಳಿದ್ದರು: "ನಿಮ್ಮೊಳಗ ನಿಲ್ಲಾಕ ಯಾರಿಗಿ ಬರತೈತಿ?"

ಹುಡುಗರು ನಕ್ಕಿದ್ದರು.

"ಮೇಡಂ, ಚಕ್ರ ನೀವ ತಗದೀರೇನ್ರಿ?" ಎಂದು ಬೆಳಗ್ಗೆ ಸಮ್ಮೇದ ನೇರವಾಗಿಯೇ ಕೇಳಿದ.

"ಅಷ್ಟ ಬಗ್ಗಾಕ ನನ್ನ ಮೊಣಕಾಲು ಎಲ್ಲಿ ಕೇಳ್ತಾವಪ್ಪಾ? ಕಳ್ಳನ್ನ ಆಮ್ಯಾಲ ಹುಡುಕೂಣು. ಬೂಟ್ ತಗೊಂಡು ಎಲ್ಲಾರೂ ಟೆಂಪೋ ಹತ್ರಿ."

ಟೆಂಪೋ ನಿಂತದ್ದು ಊರ ಹೊರಗೆ, ಬೆಲ್ಲ ಕೆಡದಂತೆ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಮುಂದೆ. ಮುಖಕ್ಕೆ ಮಫ್ಲರ್ ಸುತ್ತಿದ ಹಮಾಲನೊಬ್ಬ ದಪ್ಪನೆಯ ಬಾಗಿಲನ್ನು ಎಳೆದ.

ಬಿಳಿಯ ಹಬೆ ಹೊರಗೆ ನುಗ್ಗಿತು... ಮೆಲ್ಲಗೆ ತಿಳಿಯಾಯಿತು...

ಒಳಗೆ, ಅರವತ್ತು ಅಡಿ ಉದ್ದಕ್ಕೂ ಐಸ್. ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ದೀಪಗಳು ಅದರ ಆಳದಲ್ಲೆಲ್ಲೋ ಉರಿಯುತ್ತಿರುವಂತೆ ಕಾಣುತ್ತಿದ್ದವು. ಗಾಳಿಯಲ್ಲಿ ಬೆಲ್ಲದ ಪರಿಮಳ.

ಭರಮಾ ತನಗೇ ತಿಳಿಯದಂತೆ ಚಪ್ಪಲಿ ಕಳಚಿದ.

"ಬಕೆಟ್‌ಗಟ್ಟಲೆ ಸುರುವಿದ್ರ ಹಿಂಗ ಆಗೂದಿಲ್ಲ," ಎಂದರು ಅಂಬುಜಾ. "ಕಾಗದದಷ್ಟ ತೆಳ್ಳಗ ಬಿಸಿನೀರ ಹರವಬೇಕು. ಗಟ್ಟಿ ಆಗೂತನಾ ಕಾಯಬೇಕು. ಮತ್ತ ಹರವಬೇಕು. ಇದು ನೂರಾ ಎಂಬತ್ತು ಪದರ."

"ಯಾರ್ ಮಾಡ್ಯಾರ್ರಿ ಮೇಡಂ?"

"ನಾ ಬಂದು ಮೂರ ದಿನ ಆತು. ಇದು ತಿಂಗಳ ಕೆಲಸ. ಹೆಸರ ಹೇಳೂದಿಲ್ಲಂತ ಮಾತ ಕೊಟ್ಟೀನಿ."

ಸಮ್ಮೇದ ಮೊದಲು ಇಳಿದ. ಜಾರಿದ... ವೇಗ ಏರಿತು. ಆ ತುದಿಯಲ್ಲಿ ಗೋಲಿನ ಬಲೆ ಹತ್ತಿರವಾಯಿತು. ಚಕ್ರದ ಬೂಟಿನಲ್ಲಿ ಮಾಡುವಂತೆಯೇ ನಿಲ್ಲಲೆಂದು ಹಿಂದಿನ ಕಾಲನ್ನು ಎಳೆದ.

ನಿಲ್ಲಲಿಲ್ಲ. ನೇರವಾಗಿ ಹೋಗಿ ಬಿದ್ದ... ಗೋಡೆಗೆ ಒಟ್ಟಿದ್ದ ಒಣಹುಲ್ಲಿನ ಚೀಲಗಳ ಮೇಲೆ. ಅವನು ಬೀಳುವುದು ಇಲ್ಲೇ ಎಂದು ಯಾರಿಗೋ ಮೊದಲೇ ಗೊತ್ತಿತ್ತು.

ಗೋಲಿನ ಬಾಯಲ್ಲೇ ಎದ್ದು ಕುಳಿತು ತಿರುಗಿ ನೋಡಿದ.

ಒಂಬತ್ತು ಜನ ಅವನತ್ತಲೇ ಜಾರಿ ಬರುತ್ತಿದ್ದರು. ಎಲ್ಲರೂ ಹಿಂದಿನ ಕಾಲು ಎಳೆಯುತ್ತಿದ್ದರು... ಒಬ್ಬನಿಗೂ ನಿಲ್ಲಲಾಗುತ್ತಿರಲಿಲ್ಲ.

ಸಮ್ಮೇದನಿಗೆ ಆಗ ಹೊಳೆಯಿತು.

ಹೋದ ವರ್ಷ ಎದುರಾಳಿಗಳು ಸರಕ್ಕನೆ ನಿಂತು, ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು ಹೊಡೆಯುತ್ತಿದ್ದಾಗ, ಅವರನ್ನು ತಡೆಯಬೇಕಾದ ತಾವೆಲ್ಲ ಹೀಗೆಯೇ ಜಾರಿಹೋಗಿದ್ದರು. ಹದಿನಾಲ್ಕು ಸಲ. ಅದು ಕಾಣುವುದು ಈ ಒಂದು ಜಾಗದಿಂದ ಮಾತ್ರ. ಇಲ್ಲಿ ನಿಂತಿದ್ದವನು ಒಬ್ಬನೇ...

"ಮೇಡಂ," ಎಂದ. "ನಮಗ ಹೇಳಬಹುದಿತ್ತಲ್ರಿ ಅವ. ಚಕ್ರ ಯಾಕ ಕದಿಯಬೇಕಿತ್ತು?"

"ಕರದಿದ್ರ ನೀವು ಬರ್ತಿದ್ರೇನು?"

ಸಮ್ಮೇದ ತನ್ನ ಬೂಟಿನ ಬ್ಲೇಡುಗಳತ್ತ ನೋಡಿದ.

"ಇಲ್ಲೇ ಹಮಾಲಿ ಮಾಡ್ತಾನ. ಖಾಲಿ ಬಿದ್ದ ಕೋಣಿ ಮಾಲಕರ ಹತ್ರ ಬೇಡಿಕೊಂಡಾನ. ನಾ ಲೇಹ್‌ದಾಗ ಆಡಿದ್ದು ಎಲ್ಲೋ ತಿಳಕೊಂಡು, ಐಸ್ ಕಟ್ಟೂದು ಹ್ಯಾಂಗಂತ ನನಗ ಫೋನ್ ಮಾಡಿ ಕೇಳ್ದ. ನಾ ಕೋಚ್ ಆಗಿ ಬಂದದ್ದ ಅದಕ್ಕ."

ಬಾಗಿಲ ಬಳಿಯ ಹಮಾಲ ಮಫ್ಲರಿನೊಳಗೆ ಮುಖ ಮರೆಸಿಕೊಂಡು ಹೊರಡಲು ತಿರುಗಿದ.

ಸಮ್ಮೇದ ಎದ್ದ, ಜಾರಿ ಬಿದ್ದ, ಮತ್ತೆ ಎದ್ದ... ಒಂದು ವರ್ಷದ ಬಳಿಕ ಅವನನ್ನು ಹೆಸರು ಹಿಡಿದು ಕೂಗಿದ. ಹಮಾಲ ನಿಂತ. ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡ. ಸಮ್ಮೇದನ ಕಣ್ಣೂ ಒಣಗಿರಲಿಲ್ಲ.

ಮುಂದಿನ ಇಪ್ಪತ್ತು ದಿನ ಅಂಬುಜಾ ಕಲಿಸಿದ್ದು ಬಹುಪಾಲು ಒಂದನ್ನೇ... ಎರಡೂ ಪಾದಗಳನ್ನು ಅಡ್ಡ ತಿರುಗಿಸಿ ನಿಲ್ಲುವುದನ್ನು. ಹಿಮಾಚಲದಲ್ಲಿ ಅದೇ ಎದುರಾಳಿಗಳ ಜೊತೆ ಪಂದ್ಯ ಎರಡು–ಎರಡರಲ್ಲಿ ಸಮವಾಯಿತು. ತಂಡ ಉಳಿಯಿತು. ಗೋಲಿನ ಮುಂದೆ ನಿಂತಿದ್ದವನು ಅವನೇ.

*ಸೋಲಿನ ಹೊಣೆಯನ್ನು ನಾವು ಯಾರ ತಲೆಗೆ ಕಟ್ಟುತ್ತೇವೆಯೋ, ಆ ಸೋಲಿನ ಕಾರಣ ಕೆಲವೊಮ್ಮೆ ಅವರೊಬ್ಬರಿಗೇ ಕಂಡಿರುತ್ತದೆ.*

ನೀವು ದೂರ ತಳ್ಳಿದವರು ನಿಂತಿದ್ದ ಜಾಗದಲ್ಲಿ ಒಮ್ಮೆಯಾದರೂ ನಿಂತು ನೋಡಿದ್ದೀರಾ?

ಹಾಂ... ಆ ಚಕ್ರಗಳ್ಳನ ಹೆಸರು ದಸ್ತಗೀರ ಕಿಲ್ಲೇದಾರ.